ಹತ್ತರಿಂದ ಒಂದರವರೆಗೆ ವಿಶ್ರಾಂತಿ

ನನ್ನ ತಮ್ಮ ನಾಲ್ಕು ವಿಷಯಗಳಲ್ಲಿ ತಜ್ಞ. ಮೊದಲು ಕುಡಿಯುವ ನೀರು, ಆಮೇಲೆ ಶೌಚಾಲಯ, ಆಮೇಲೆ ಬಿತ್ತನೆ ಬೀಜ, ಆಮೇಲೆ ಹವಾಮಾನ. ಅಭಿವೃದ್ಧಿ ಸಂಸ್ಥೆಗಳು ಯಾವ ವರ್ಷ ಯಾವ ಯೋಜನೆ ಹಿಡಿಯುತ್ತವೋ ಆ ವರ್ಷ ಅವನು ಅದರಲ್ಲಿ ಪಂಡಿತನಾಗಿಬಿಡುತ್ತಾನೆ. ಬೀಜದ ತಜ್ಞನಾಗಿದ್ದಾಗ ನಮ್ಮ ಬಾಲ್ಕನಿಯ ಕುಂಡದಲ್ಲಿದ್ದ ಒಂದೇ ಒಂದು ಗಿಡ ನೀರಿಲ್ಲದೆ ಒಣಗಿತು. ಶೌಚಾಲಯದ ತಜ್ಞನಾಗಿದ್ದಾಗ ನಮ್ಮ ಮನೆಯ ಕಮೋಡು ಕಟ್ಟಿಕೊಂಡಿತು. ಎರಡು ದಿನ ಈ ಮಹಾಶಯ ಎದುರು ಮನೆಗೆ ಹೋಗಿ ಬಂದ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅದನ್ನು ಸರಿಮಾಡಿದವಳು ಅವನ ಹೆಂಡತಿ. ಇಂಥವನು ಐವತ್ತೊಂದನೆಯ ವಯಸ್ಸಿನಲ್ಲಿ ಜೆಂಡರ್ ಸ್ಪೆಷಲಿಸ್ಟ್, ಅಂದರೆ ಹೆಣ್ಣು ಗಂಡಿನ ಸಮಾನತೆಯ ತಜ್ಞ, ಆಗಲು ಹೊರಟ.

ಹೀಗೆ ಹೇಳಿದರೆ ಒಡಹುಟ್ಟಿದವನ ಮೇಲೆ ಹೊಟ್ಟೆಕಿಚ್ಚು ಎನ್ನುತ್ತೀರಿ. ಅನ್ನಿ, ನನಗೇನೂ ಬೇಜಾರಿಲ್ಲ. ನಾನು ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು, ಅವನ ಮೂಗು ಒರೆಸಿ ಬೆಳೆಸಿದವಳು. ಮದುವೆಯ ಗೋಜಿಗೆ ಹೋಗಲಿಲ್ಲ. ಮೂವತ್ತೊಂದು ವರ್ಷ ಕೋರ್ಟಿನ ನಕಲು ವಿಭಾಗದಲ್ಲಿ ತೀರ್ಪುಗಳನ್ನು ಟೈಪು ಮಾಡಿ ನಿವೃತ್ತಿಯಾದೆ, ಅಂದಿನಿಂದ ತಮ್ಮನ ಮನೆಯಲ್ಲೇ ಇದ್ದೇನೆ. ಕೋರ್ಟು ನನಗೆ ಕಲಿಸಿದ್ದು ಒಂದೇ: ಓದದೆ ಯಾವುದಕ್ಕೂ ರುಜು ಹಾಕಬಾರದು. ಹಾಗೆ ಹಾಕಿದವರು ಮನೆ ಮಠ ಕಳೆದುಕೊಂಡು ಕಾರಿಡಾರಿನಲ್ಲಿ ಅಳುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಲಿನವನು ಚೀಟಿ ಕೊಟ್ಟರೂ ಕನ್ನಡಕ ಹಾಕಿಕೊಂಡು ಎರಡು ಸಲ ಓದುವವಳು ನಾನು. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ತಮ್ಮನ ಹೆಂಡತಿಯ ಬಗ್ಗೆ ಹೇಳಬೇಕು. ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಹಾಯಕಿ. ಹನ್ನೊಂದು ವರ್ಷದಿಂದ ಬೇರೆಯವರ ರಕ್ತದ ಬಾಟಲಿಗಳಿಗೆ ಚೀಟಿ ಅಂಟಿಸುವುದು, ರಕ್ತ ಸವರಿ ನೋಡುವ ಗಾಜಿನ ಪಟ್ಟಿಗಳನ್ನು ತೊಳೆದು ಒಣಗಿಸುವುದು ಅವಳ ಕೆಲಸ. ಮಾತು ಕಮ್ಮಿ. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಅದೂ ಅರ್ಧವಾಯಿತು. ಆರು ತಿಂಗಳಿಂದ ಒಲೆಯ ಪಕ್ಕ ಉಪ್ಪಿನ ಡಬ್ಬಿಗೆ ಒಂದು ದಪ್ಪ ಪುಸ್ತಕ ಒರಗಿಸಿಟ್ಟುಕೊಂಡು, ಒಂದು ಕೈಯಲ್ಲಿ ಸೌಟು ತಿರುಗಿಸುತ್ತ ಓದುತ್ತಿದ್ದಳು. ಸಹಾಯಕಿಯಿಂದ ಟೆಕ್ನಿಷಿಯನ್ ಆಗುವ ಪರೀಕ್ಷೆ. ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ, ನಲವತ್ತೈದು ದಾಟಿದವರನ್ನು ಒಳಗೇ ಬಿಡುವುದಿಲ್ಲ. ಅವಳಿಗೆ ಅದೇ ಕೊನೆಯ ಸಲ.

ತಮ್ಮನಿಗೆ ಆ ಹೊಸ ಕೆಲಸದ ಅರ್ಜಿ ಸಿದ್ಧಮಾಡಲು ಮೂರು ವಾರ ಇತ್ತು. ಮೊದಲ ವಾರ ಅಕ್ಷರದ ಆಕಾರ ಯಾವುದಿರಬೇಕು ಎಂದು ತಲೆ ಕೆಡಿಸಿಕೊಂಡ. ಎರಡನೆಯ ವಾರ ತನ್ನ ಫೋಟೋ ತೆಗೆಸಿಕೊಂಡ. ಕೈಕಟ್ಟಿ ನಿಂತದ್ದೊಂದು, ಗಲ್ಲಕ್ಕೆ ಬೆರಳಿಟ್ಟದ್ದೊಂದು. ಆಮೇಲೆ ಅರ್ಜಿಯ ಜೊತೆಗಿನ ಪತ್ರ ಬರೆದು ನಮ್ಮಿಬ್ಬರನ್ನೂ ಕರೆದು ಓದಿದ. ನಾನು ಸೋಫಾದಲ್ಲಿದ್ದೆ. ಅವಳು ಗೋಡೆಯ ಬಳಿ ಅವನ ಅಂಗಿ ಇಸ್ತ್ರಿ ಮಾಡುತ್ತಿದ್ದಳು.

"ಮಹಿಳೆಯರ ಕಣ್ಣಿಗೆ ಕಾಣದ ದುಡಿಮೆಯ ಬಗ್ಗೆ ಬಾಲ್ಯದಿಂದಲೂ ನನಗೆ ಅಪಾರ ಕಾಳಜಿ," ಎಂದು ಓದಿ, ಕಾಗದದಿಂದ ತಲೆ ಎತ್ತಿ, "ಕಾಲರ್ ಸರಿಯಾಗಿ ತಿಕ್ಕು, ಹೋದ್ಸಲ ಮಡಿಕೆ ಉಳಿದಿತ್ತು," ಎಂದ. ಮತ್ತೆ ಕಾಗದಕ್ಕೆ ಇಳಿದ.

"ಯಾವ ಬಾಲ್ಯದಿಂದಲೋ?" ಎಂದೆ ನಾನು. "ಹತ್ತನೇ ಕ್ಲಾಸಿನವರೆಗೂ ನಿನ್ನ ಸಾಕ್ಸ್ ನಾನು ಒಗೀತಿದ್ದೆ."

"ಅದೇ ಅಕ್ಕ, ಅದನ್ನ ನೋಡಿಯೇ ಕಾಳಜಿ ಹುಟ್ಟಿದ್ದು," ಎಂದ ಭಂಡ. ಇಂಥವರಿಗೆ ನಾಚಿಕೆಯ ನರವೇ ಇರುವುದಿಲ್ಲ.

ಇಷ್ಟೆಲ್ಲ ನಡೆದು ಬುಧವಾರ ರಾತ್ರಿ ಊಟದ ಹೊತ್ತಿಗೆ ಅವನು ಅರ್ಜಿಯ ಕೊನೆಯ ಪುಟ ಓದಿದ. ಮೂರು ವಾರದಲ್ಲಿ ಮೊದಲ ಸಲ. ಅಲ್ಲಿತ್ತು ಪೇಚು. ಅವರ ಕಸುಬಿನಲ್ಲಿ ದಿನಚರಿ ಪಟ್ಟಿ ಎಂದು ಒಂದಿದೆ. ಒಂದು ಮನೆಗೆ ಹೋಗಿ, ಹೆಂಗಸು ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಾಳೆ, ಗಂಡಸು ಏನು ಮಾಡುತ್ತಾನೆ ಎಂದು ಗಂಟೆ ಗಂಟೆಗೂ ಬರೆದಿಡುವುದು. ಅಂಥದ್ದೊಂದನ್ನು ಮಾದರಿಗೆ ಕಳಿಸಬೇಕಂತೆ. ದುಡಿಯುವ ವಿವಾಹಿತ ಹೆಂಗಸಿನ ಒಂದು ರಜಾದಿನ, ಗಂಟೆಗೊಂದು ಫೋಟೋ, ಫೋಟೋದ ಮೇಲೆ ತಾರೀಖು ಮತ್ತು ಸಮಯ. ಕೊನೆಯಲ್ಲಿ 'ಮಹಿಳೆಯ ಮಾತು' ಎಂಬ ಅರ್ಧ ಪುಟದಲ್ಲಿ ಅವಳೇ ಕೈಯಾರೆ ಬರೆದು ಸಹಿ ಹಾಕಬೇಕು. ಅದರ ಕೆಳಗೆ ಮನೆಯ ಇನ್ನೊಬ್ಬರ ಸಾಕ್ಷಿ ಸಹಿ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಕಡೇ ಗಡುವು.

"ಇನ್ನೊಬ್ಬರ ಮನೆಗೆ ಹೋಗೋಕೆಲ್ಲ ಟೈಮಿಲ್ಲ," ಎಂದ ತಮ್ಮ. "ನಮ್ಮನೇದೇ ಮಾಡಿಬಿಡ್ತೀನಿ. ಶನಿವಾರ ನಿಂಗೆ ರಜ ತಾನೇ? ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ಮನೇಲೇ ಇರು, ಸಾಕು."

ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ಶನಿವಾರ ನನ್ನ ಪರೀಕ್ಷೆ."

"ಓ, ಅದು ಶನಿವಾರಾನಾ? ಮುಂದಿನ ಸಲ ಬರೆದರಾಯ್ತಲ್ಲ."

"ಮುಂದಿನ ಸಲ ಇಲ್ಲ. ಡಿಸೆಂಬರಿಗೆ ನಂಗೆ ನಲವತ್ತೈದು."

"ನಿಂಗೆ ನಲವತ್ತೈದಾ?" ಎಂದ ಅವನು, ಯಾರೋ ಸುಳ್ಳು ಹೇಳಿ ತನಗೆ ಮೋಸ ಮಾಡಿದರು ಎಂಬಂತೆ.

ಆಮೇಲೆ ಶುರುವಾಯಿತು ಅವನ ಪ್ರವಚನ. ಇದು ಒಬ್ಬರ ವಿಷಯವಲ್ಲ, ಇಡೀ ಕುಟುಂಬದ ವಿಷಯ. ನಿರ್ಧಾರ ಅಂದರೆ ಇಬ್ಬರೂ ಕೂತು ಒಮ್ಮತದಿಂದ ಮಾಡುವಂಥದ್ದು. ತಾನು ಎಂದಾದರೂ ಗಂಡಸಿನ ದರ್ಪ ತೋರಿಸಿದ್ದುಂಟೇ? ಇಲ್ಲವಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಹೇಳುತ್ತಿಲ್ಲ. ಹೀಗೆ ಕೇಳುವುದನ್ನೇ ಗುರುವಾರವೂ ಕೇಳಿದ, ಶುಕ್ರವಾರ ಬೆಳಿಗ್ಗೆ ಅವಳು ಬೂಟು ಹಾಕಿಕೊಳ್ಳುವಾಗಲೂ ಬಾಗಿಲಿಗೆ ಅಡ್ಡ ನಿಂತು ಕೇಳಿದ. ಅವಳು ಅವನ ಪಕ್ಕದಿಂದ ನುಸುಳಿ ಕೆಲಸಕ್ಕೆ ಹೋದಳು. ಶುಕ್ರವಾರ ಸಂಜೆ ನೋಡುತ್ತೇನೆ, ಆ ದಪ್ಪ ಪುಸ್ತಕ ಉಪ್ಪಿನ ಡಬ್ಬಿಯ ಹತ್ತಿರ ಇಲ್ಲ. ಕಪಾಟಿನ ಮೇಲೆ, ಹಳೆಯ ಪೇಪರುಗಳ ಮೇಲೆ ಏರಿ ಕೂತಿದೆ. ನನ್ನ ಮೈಯೆಲ್ಲ ಉರಿದುಹೋಯಿತು.

ಪುಸ್ತಕ ಕೆಳಗಿಳಿಸಿ ಅವಳ ಕೈಗೆ ಕೊಟ್ಟೆ. "ನಾಳೆ ನೀನು ಹೋಗ್ತೀಯ. ಅವನ ಪಟ್ಟಿಗೆ ನಾನು ಕೂರ್ತೀನಿ."

"ನಿಮ್ಮನ್ನ ಹೇಗೆ ಅತ್ತಿಗೆ? ವಯಸ್ಸು..."

"ಹಿಂದಿನಿಂದ ನೋಡಿದರೆ ಹೆಂಗಸರಿಗೆಲ್ಲ ಒಂದೇ ವಯಸ್ಸು. ನಿನ್ನ ಹಸಿರು ಸ್ವೆಟರ್ ಕೊಡು, ತಲೆಗೆ ಕಟ್ಟೋ ಬಟ್ಟೆ ಕೊಡು. ಅವನಿಗೆ ಬೇಕಾಗಿರೋದು ಒಂದು ಬೆನ್ನು."

ತಮ್ಮನಿಗೆ ಹೇಳಿದಾಗ ಒಂದು ಗಳಿಗೆ ಯೋಚಿಸಿದ. ನೈತಿಕತೆಯ ಪ್ರಶ್ನೆ ಎದ್ದಿರಬೇಕು ಎಂದುಕೊಂಡೆ. "ಅಕ್ಕ, ನೀನು ಅವಳಿಗಿಂತ ಸ್ವಲ್ಪ ದಪ್ಪ ಅಲ್ವಾ?" ಎಂದ.

ಶನಿವಾರ ಅವಳು ಯಾವಾಗ ಎದ್ದಳೋ. ನಾನು ಎದ್ದಾಗ ತರಕಾರಿ ಹೆಚ್ಚಿಟ್ಟು, ಬಟ್ಟೆ ನೆನೆಹಾಕಿ, ನೆಲ ಒರೆಸಿ, ಅಡುಗೆ ಅರ್ಧ ಮುಗಿಸಿ ಹೊರಟು ನಿಂತಿದ್ದಳು. ಪರೀಕ್ಷೆ ಹತ್ತರಿಂದ ಒಂದು, ಊರಿನ ಆ ತುದಿಯಲ್ಲಿ. ಎರಡು ಬಸ್ಸು ಬದಲಿಸಬೇಕು. ಐದು, ಆರು, ಏಳು, ಈ ಮೂರು ಗಂಟೆಗಳಲ್ಲಿ ಪಟ್ಟಿಗೆ ಬೇಕಾದ ಹೆಂಗಸು ಪಟ್ಟಿಗೆ ಬೇಕಾದ ಕೆಲಸವನ್ನೇ ಮಾಡುತ್ತ ಅವನ ಕಣ್ಣೆದುರೇ ಇದ್ದಳು. ಸ್ಪೆಷಲಿಸ್ಟರು ಗೊರಕೆ ಹೊಡೆಯುತ್ತಿದ್ದರು. ಎದ್ದಾಗ ಎಂಟು ಕಾಲು.

"ಅಯ್ಯೋ, ಮೂರು ಫೋಟೋ ಹೋಯ್ತಲ್ಲ," ಎಂದು ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ಬುದ್ಧಿ ಹೊಳೆಯಿತು. ಫೋನಿನ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ, ಕಿಟಕಿಯ ಪರದೆ ಎಳೆದು, ಎಂಟೂವರೆಯನ್ನು ಐದು ಗಂಟೆ ಮಾಡಿದ. ಈ ಬುದ್ಧಿ ಬುಧವಾರವೇ ಹೊಳೆದಿದ್ದರೆ ಆ ಹೆಣ್ಣುಮಗಳು ಮೂರು ದಿನ ಸಂಕಟಪಡುವುದು ತಪ್ಪುತ್ತಿತ್ತು. ಆದರೆ ನನ್ನ ತಮ್ಮನ ತಲೆ ಬುಡಕ್ಕೆ ಬೆಂಕಿ ಬಿದ್ದ ಮೇಲೆಯೇ ಓಡುವುದು.

ಹಸಿರು ಸ್ವೆಟರ್ ತೊಟ್ಟು, ತಲೆಗೆ ಬಟ್ಟೆ ಕಟ್ಟಿ ಒಲೆಯ ಮುಂದೆ ನಿಂತೆ. ಅರವತ್ಮೂರು ವರ್ಷದ ನಾನು ನಲವತ್ನಾಲ್ಕರ ಬೆನ್ನಾದೆ. "ಸ್ವಲ್ಪ ಬಗ್ಗು ಅಕ್ಕ, ಸುಸ್ತಾದ ಹಾಗೆ," ಎನ್ನುತ್ತಿದ್ದ. ನನಗೆ ನಟಿಸುವ ಕಷ್ಟವೇನೂ ಬರಲಿಲ್ಲ. ಬಟ್ಟೆ ಒಗೆದೆ, ಹಿಂಡಿದೆ, ಬಾಲ್ಕನಿಯಲ್ಲಿ ಹರವಿದೆ. ಹಾಲು ಉಕ್ಕುವುದು ನನಗೆ ಕಾಣಲಿಲ್ಲ, ಅವನಿಗೆ ಕಾಣುತ್ತಿತ್ತು. ಒಲೆ ಆರಿಸುವ ಬದಲು ಉಕ್ಕಿದ್ದನ್ನೇ ಮೂರು ಕೋನದಿಂದ ಹಿಡಿದ. ನಾನು ಒಲೆ ಒರೆಸುವಾಗ, ಕುಡಿದಿಟ್ಟ ತನ್ನ ಟೀ ಕಪ್ಪನ್ನು ತಂದು ಪಕ್ಕದಲ್ಲಿಟ್ಟ, ಚಿತ್ರಕ್ಕೆ ತೂಕ ಬರುತ್ತದಂತೆ. ಪಟ್ಟಿಯ ಗಂಡಸಿನ ಕಡೆ ಏನು ಬರೆದಿದ್ದಾನೆ ಎಂದು ಇಣುಕಿದೆ. 'ಮನೆಗೆಲಸದಲ್ಲಿ ಸಹಭಾಗಿತ್ವ, ಮಾರ್ಗದರ್ಶನ' ಎಂದಿತ್ತು.

ಹತ್ತು ಗಂಟೆಗೆ ಎಡ ಮಂಡಿ ಕೈಕೊಟ್ಟಿತು. ಒಳಗೆ ಏನೋ ಕಟಕ್ ಎಂದಿತು, ಗೋಡೆ ಹಿಡಿದುಕೊಂಡೇ ಮಂಚ ಸೇರಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದವಳಿಗೆ ಮಧ್ಯಾಹ್ನ ಒಂದರವರೆಗೂ ಏಳಲಾಗಲಿಲ್ಲ. ಆ ಮೂರು ಗಂಟೆ ಅವನು ಏನು ಮಾಡಿದ ಎಂದುಕೊಂಡಿರಿ? ನೋವಿನ ಮುಲಾಮು ತಂದನೇ? ಬಿಸಿನೀರು ಕಾಯಿಸಿದನೇ? ಗಂಟೆಗೊಂದು ಸಲ ಬಾಗಿಲಲ್ಲಿ ನಿಂತು ಫೋಟೋ ತೆಗೆದ. ಪಟ್ಟಿಯಲ್ಲಿ ಬರೆದ: ಹತ್ತರಿಂದ ಒಂದರವರೆಗೆ ವಿಶ್ರಾಂತಿ.

ಒಂದು ಹೊಡೆದ ಮೇಲೆ ಕುಂಟಿಕೊಂಡೇ ಉಳಿದ ಕೆಲಸ ಮುಗಿಸಿದೆ. ಫೋನಿನ ಗಡಿಯಾರ ಮತ್ತೆ ಮುಂದಕ್ಕೆ ತಿರುಗಿ, ಪರದೆ ಎಳೆದು, ದೀಪ ಹಾಕಿ, ನಾಲ್ಕು ಗಂಟೆಯೊಳಗೇ ರಾತ್ರಿ ಒಂಬತ್ತೂ ಆಯಿತು.

ಬಸ್ಸಿಗೆ ಕಾದು ಕಾದು ಅವಳು ಬಂದಾಗ ಐದು ದಾಟಿತ್ತು. ಬಾಗಿಲು ತೆರೆಯುತ್ತಲೇ ನಾನು, "ಅಮ್ಮಾ, ನನ್ನ ಮಂಡಿ ಹೋಯ್ತು ನೋಡು," ಎಂದೆ. ಬೆಳಗಿನಿಂದ ಆದದ್ದೆಲ್ಲ ಒಂದೂ ಬಿಡದೆ ಒಪ್ಪಿಸಿದೆ. ಅವಳು ಚೀಲ ಇಳಿಸಿ, ನನ್ನ ಕಾಲು ಒತ್ತಿ ನೋಡಿ, ಮುಲಾಮು ಹಚ್ಚಿದಳು. ತಮ್ಮ ಪಟ್ಟಿ ಹಿಡಿದು ಕಾಯುತ್ತ ನಿಂತಿದ್ದ.

"ಇಲ್ಲಿ ಒಂದು ಸೈನ್ ಹಾಕು. ಸ್ಕ್ಯಾನ್ ಮಾಡೋ ಅಂಗಡಿ ಆರಕ್ಕೆ ಬಾಗಿಲು ಹಾಕ್ತಾನೆ."

"ಬೂಟು ಬಿಚ್ಚೋಕಾದ್ರೂ ಬಿಡೋ," ಎಂದೆ.

ಅವಳು ಬೂಟು ಬಿಚ್ಚದೆಯೇ ಊಟದ ಮೇಜಿಗೆ ಕೂತು ಪಟ್ಟಿ ಓದಿದಳು. ಒಂದೊಂದೇ ಪುಟ, ಒಂದೊಂದೇ ಗಂಟೆ. ಒಂದು ಕಡೆ ಬೆರಳಿಟ್ಟು ಬಹಳ ಹೊತ್ತು ಅದನ್ನೇ ನೋಡಿದಳು. ಅವನು ಗಡಿಯಾರ ನೋಡಿ ಚಡಪಡಿಸುತ್ತಿದ್ದ.

"ಮಹಿಳೆಯ ಮಾತು ಅಂತ ಒಂದು ಜಾಗ ಇದೆಯಲ್ಲ?" ಎಂದಳು.

"ಅದು ಸುಮ್ನೆ ಹೆಸರಿಗೆ ಇರೋದು. ಸಂತೋಷ ಆಯ್ತು, ಕಣ್ತೆರೆಸಿತು, ಅಂತ ಏನಾದ್ರೂ ಎರಡು ಸಾಲು ಬರಿ."

ಅವಳು ಬರೆದಳು. ಎರಡಕ್ಕಿಂತ ಜಾಸ್ತಿಯೇ ಇತ್ತು, ನೀಲಿ ಪೆನ್ನು, ಬಾಟಲಿ ಚೀಟಿಗಳ ಮೇಲೆ ಬರೆದು ಬರೆದು ಗುಂಡಾದ ಅಕ್ಷರ. ಅವನು ಕಾಗದ ಕಿತ್ತುಕೊಂಡು ಶಾಯಿ ಆರಲೆಂದು ಉಫ್ ಉಫ್ ಎಂದು ಊದಿ, ಸಹಿ ಇದೆಯೇ ಎಂದಷ್ಟೇ ನೋಡಿ ನನ್ನ ಮುಂದೆ ಹಿಡಿದ. ಕನ್ನಡಕ ಕಪಾಟಿನ ಮೇಲಿತ್ತು, ಮಂಡಿ ಸಿಡಿಯುತ್ತಿತ್ತು. ಅವನು ಬೆರಳಿಟ್ಟು ತೋರಿಸಿದ ಕಡೆ ಸಾಕ್ಷಿ ರುಜು ಹಾಕಿದೆ.

ಸಂದರ್ಶನಕ್ಕೆ ಕರೆ ಬಂತು. ಇಸ್ತ್ರಿಯಾದ ಅಂಗಿ ತೊಟ್ಟು ಹೋದವನು ಸಂಜೆ ಉಬ್ಬಿಕೊಂಡು ಬಂದ. ಮೂವರು ಪ್ರಶ್ನೆ ಕೇಳಿದರಂತೆ. ಹದಿನೇಳು ಫೋಟೋಗಳಲ್ಲಿ ಒಂದರಲ್ಲೂ ಆ ಹೆಂಗಸಿನ ಮುಖ ಕಾಣದಂತೆ ತೆಗೆದದ್ದನ್ನು ಮೂವರೂ ಹಾಡಿ ಹೊಗಳಿದರಂತೆ. ಹೆಣ್ಣಿನ ಖಾಸಗಿತನಕ್ಕೆ ಇಷ್ಟು ಗೌರವ ಕೊಟ್ಟ ಅರ್ಜಿ ಬೇರೊಂದಿರಲಿಲ್ಲವಂತೆ.

"ನೀನೇನಂದೆ?"

"ಅದು ನನ್ನ ಮೊದಲಿನಿಂದಲೂ ಇರೋ ತತ್ವ ಅಂದೆ."

ಕೆಲಸ ಸಿಕ್ಕಿತು. ಮಂಡಿ ಮುರಿದುಕೊಂಡವಳು ನಾನು, ತತ್ವ ಅವನದು. ಎರಡು ತಿಂಗಳ ಮೇಲೆ ಅವಳ ಫಲಿತಾಂಶವೂ ಬಂತು. ಊಟದ ಹೊತ್ತಿನಲ್ಲಿ, "ಪಾಸಾಯ್ತು," ಎಂದಳು. ತಮ್ಮ ಫೋನಿನಲ್ಲಿದ್ದ, ಹೆಬ್ಬೆರಳು ಎತ್ತಿ ತೋರಿಸಿದ. ನಾನು, "ಅಂತೂ ನನ್ನ ಮಂಡಿ ಹೋಗಿದ್ದಕ್ಕೆ ಸಾರ್ಥಕ ಆಯ್ತು ಬಿಡು," ಎಂದೆ. ಅವಳು ನಕ್ಕು ತಟ್ಟೆ ಎತ್ತಿಕೊಂಡು ಹೋದಳು.

ಮೊನ್ನೆ ತಮ್ಮ ಒಂದು ಕೈಪಿಡಿ ತಂದು ಟೀಪಾಯಿಯ ಮೇಲೆ ಎಸೆದ. ಅವನ ಸಂಸ್ಥೆ ಅಚ್ಚು ಹಾಕಿಸಿದ್ದು, ಕ್ಷೇತ್ರ ಕಾರ್ಯಕರ್ತರ ತರಬೇತಿಗಾಗಿ, ಎಂಟುನೂರು ಪ್ರತಿ, ಆಗಲೇ ಹಂಚಿಯೂ ಆಗಿತ್ತಂತೆ. ಹೊಸಬರು ಪಟ್ಟಿ ಹೇಗೆ ಮಾಡಬೇಕು ಎಂದು ತೋರಿಸಲು ಇವನದನ್ನೇ ಮಾದರಿಯಾಗಿ ಇದ್ದದ್ದು ಇದ್ದ ಹಾಗೆ ಹಾಕಿದ್ದರು. ನನಗೋ ಹಳೆಯ ಚಟ, ಯಾವ ಕಾಗದ ಸಿಕ್ಕರೂ ತಪ್ಪು ಹುಡುಕುತ್ತ ಓದುವುದು. ಕನ್ನಡಕ ಹಾಕಿಕೊಂಡು ಕೂತೆ. ನನ್ನ ಬೆನ್ನಿನ ಹದಿನೇಳು ಚಿತ್ರ ನೋಡಿ ಮನಸಾರೆ ಅವನಿಗೆ ಶಾಪ ಹಾಕಿ ಪುಟ ತಿರುಗಿಸಿದೆ. ಆ ಗುಂಡು ಅಕ್ಷರಗಳು ಅಲ್ಲಿದ್ದವು.

'ಈ ದಿನ ನಾನು ಮನೆಯಲ್ಲಿ ಇರಲಿಲ್ಲ. ಫೋಟೋದಲ್ಲಿ ಇರುವವರು ನಮ್ಮ ಅತ್ತಿಗೆ. ಹತ್ತರಿಂದ ಒಂದರವರೆಗೆ ನಾನು ವಿಶ್ರಾಂತಿ ತೆಗೆದುಕೊಂಡಿಲ್ಲ, ಪರೀಕ್ಷೆ ಬರೆದಿದ್ದೇನೆ. ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದಿದ್ದೇನೆ. ಮನೆಗೆ ಬಂದು ಅರ್ಧ ಗಂಟೆಯಾಯಿತು. ಹೇಗಾಯಿತು ಎಂದು ಇನ್ನೂ ಯಾರೂ ಕೇಳಿಲ್ಲ.'

ಕೆಳಗೆ ಅವಳ ಸಹಿ. ಅದರ ಕೆಳಗೆ, ಮೇಲಿನದನ್ನು ಓದಿ ನಿಜವೆಂದು ದೃಢಪಡಿಸಿದ್ದೇನೆ ಎಂಬ ಅಚ್ಚಿನ ಸಾಲು. ಅದರ ಕೆಳಗೆ ನನ್ನ ರುಜು, ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಹಾಕಿದ ಅದೇ ಬಾಲದ ರುಜು.

ತಮ್ಮ ಓದಲಿಲ್ಲ. ಅವನಿಂದ ನಾನು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಆ ಮೂವರು ಘನಂದಾರಿಗಳು ಓದಲಿಲ್ಲ, ಅಚ್ಚಿನವನು ಓದಲಿಲ್ಲ, ಹೆಂಗಸರ ದನಿ ಕೇಳಿಸಿಕೊಳ್ಳುವುದು ಹೇಗೆ ಎಂದು ಅದೇ ಪುಸ್ತಕ ಹಿಡಿದು ಕಲಿತ ಎಂಟುನೂರು ಜನರಲ್ಲಿ ಒಬ್ಬರೂ ಓದಿದ ಹಾಗಿಲ್ಲ. ಅವರನ್ನೆಲ್ಲ ಬಾಯಿತುಂಬ ಬೈಯಲು ನನಗೆ ಬಹಳ ಇಷ್ಟ. ಆದರೆ ಅವಳು ಬಾಗಿಲಲ್ಲಿ ನಿಂತಿದ್ದಾಗ ಎದುರಿಗಿದ್ದವಳು ನಾನು. ಅವಳನ್ನು ಪರೀಕ್ಷೆಗೆ ಕಳಿಸಿದವಳು ನಾನೇ ಎಂದು ಏಳು ತಿಂಗಳಿಂದ ನೆರೆಮನೆಯವರಿಗೆಲ್ಲ ಹೇಳಿಕೊಂಡು ಬೆನ್ನು ತಟ್ಟಿಕೊಂಡವಳೂ ನಾನೇ. ಥೂ ನನ್ನ ಜನ್ಮಕ್ಕೆ ಎನ್ನಿಸಿತು.

ಸಂಜೆ ಅವಳು ಬಂದಳು. ಒಳಕೋಣೆಯಲ್ಲಿ ತಮ್ಮ ಫೋನಿನಲ್ಲಿ ಯಾರಿಗೋ ಹೆಣ್ಣಿನ ಕಣ್ಣಿಗೆ ಕಾಣದ ದುಡಿಮೆಯ ಬಗ್ಗೆ ಭಾಷಣ ಬಿಗಿಯುತ್ತಿದ್ದ. ನಾನು ಎದ್ದು ಹೋಗಿ ಆ ಬಾಗಿಲು ಮುಚ್ಚಿ ಬಂದೆ.

"ಅವತ್ತು ಪರೀಕ್ಷೆ ಹೇಗಾಯ್ತಮ್ಮ?" ಎಂದು ಕೇಳಿದೆ.

ಬೂಟಿನ ದಾರ ಬಿಚ್ಚುತ್ತಿದ್ದವಳು ತಲೆ ಎತ್ತಿದಳು. "ಪಾಸಾಗಿ ಕೆಲಸಕ್ಕೂ ಸೇರಿ ಆಯ್ತಲ್ಲ ಅತ್ತಿಗೆ," ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಕೈಪಿಡಿ ಕಂಡಿತು. "ಓದಿದ್ರಾ?"

"ಓದಿದೆ. ಇವತ್ತು."

"ಯಾರಾದ್ರೂ ಓದ್ತಾರೆ ಅಂದ್ಕೊಂಡೇ ಬರೆದಿದ್ದು," ಎಂದಳು. "ನಿಮ್ಮ ತಮ್ಮನ ಕೆಲಸ ಹೋಗುತ್ತೇನೋ ಅಂತ ಒಂದು ವಾರ ನಿದ್ದೆ ಬಂದಿರಲಿಲ್ಲ."

ನಾನು ಪಕ್ಕದ ಕುರ್ಚಿ ಎಳೆದು ಅವಳ ಎದುರಿಗೆ ಕೂತೆ, ಒಂದು ಬೂಟು ಬಿಚ್ಚಿ ಇನ್ನೊಂದು ಬಿಚ್ಚದೆ ಅವಳೂ ಕೂತಿದ್ದಳು.

"ಮೊದಲನೇ ಪ್ರಶ್ನೇನೇ ಗಾಜಿನ ಪಟ್ಟಿ ತೊಳೆಯೋದು ಹೇಗೆ ಅಂತ ಇತ್ತು, ಗೊತ್ತಾ?" ಎಂದು ಶುರುಮಾಡಿದಳು.